ರಿಪೋರ್ಟಿನಲ್ಲಿದ್ದ ‘ಗಂಟು’: ಕೆರಳುವ ಕರುಳಿನ ನೋವು ಮತ್ತು ಒಬ್ಬ ಪಿಯು ವಿದ್ಯಾರ್ಥಿನಿಯ ಒಂಬತ್ತು ತಿಂಗಳು

ಹುಡುಗಿಯ ಗುರುತು ಸಿಗಬಾರದೆಂದು ಊರು, ಕಾಲೇಜು, ಮನೆಯವರ ಕಸುಬು ಬದಲಿಸಲಾಗಿದೆ. ಇಂಥದೇ ತೊಂದರೆಯ ಬೇರೆ ಮಕ್ಕಳ ಕೆಲವು ವಿವರಗಳೂ ಇದರಲ್ಲಿ ಸೇರಿವೆ. ಔಷಧಿಯ ಪ್ರಮಾಣಗಳು ಈ ಹುಡುಗಿಯ ತೂಕ, ವಯಸ್ಸು ನೋಡಿ ವೈದ್ಯರು ನಿಗದಿ ಮಾಡಿದವು. ಅವನ್ನೇ ಮತ್ತೊಂದು ಮಗುವಿಗೆ ಕೊಡಬಾರದು.

ಹಿನ್ನೆಲೆ

ವಯಸ್ಸು 16. ಪ್ರಥಮ ಪಿಯು, ವಿಜ್ಞಾನ ವಿಭಾಗ. ದಕ್ಷಿಣ ಕರ್ನಾಟಕದ ಬಯಲುಸೀಮೆಯ ಒಂದು ಹಳ್ಳಿ. ಕಾಲೇಜು 18 ಕಿಲೋಮೀಟರ್ ದೂರದ ಪಟ್ಟಣದಲ್ಲಿ. ಸಿಇಟಿ ಕೋಚಿಂಗ್ ಬೇರೆ ಇದ್ದುದರಿಂದ ಬೆಳಗ್ಗೆ 7.15ರ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆ ಆರಕ್ಕೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಒಬ್ಬ ತಮ್ಮ. ಅಪ್ಪನದು ದಿನಸಿ ಅಂಗಡಿ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ನೆಂಟರ ಮದುವೆಯೊಂದರಲ್ಲಿ ಊಟ ಮಾಡಿದ ಹಲವರಿಗೆ ವಾಂತಿ, ಭೇದಿ, ಜ್ವರ ಬಂತು. ಇವಳಿಗೂ ಬಂದು ವಾರದಲ್ಲಿ ವಾಸಿಯಾಯಿತು. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಬೆಳಗಿನ ಹೊತ್ತು ಹೊಟ್ಟೆ ನುಲಿಯತೊಡಗಿತು. ಮಲ ವಿಸರ್ಜನೆಯಾದರೆ ಸ್ವಲ್ಪ ಹಗುರ, ಆಮೇಲೆ ಮತ್ತೆ ನುಲಿತ. ಕೆಲವು ದಿನ ಹೊರಡುವ ಮೊದಲೇ ಮೂರು ಸಲ ತೆಳುವಾಗಿ ಹೋಗುವುದು, ಮುಂದಿನ ಎರಡು ದಿನ ಏನೂ ಇಲ್ಲ. ನವೆಂಬರ್ ಮಧ್ಯದ ಹೊತ್ತಿಗೆ 34 ದಿನ ಗೈರು. ಪಿಯು ಪರೀಕ್ಷೆಗೆ ಕೂರಲು ಬೇಕಾದ ಶೇಕಡ 75ರ ಹಾಜರಾತಿಗಿಂತ ಕೆಳಗೆ ಇಳಿದಾಗಿತ್ತು.

ಅಷ್ಟರಲ್ಲಿ ನಾಲ್ವರು ವೈದ್ಯರನ್ನು ಕಂಡಿದ್ದರು. ಜಂತುಹುಳದ ಮಾತ್ರೆ ಎರಡು ಸಲ, ಆಂಟಿಬಯೋಟಿಕ್ ಮೂರು ಸಲ, ಗ್ಯಾಸ್ಟ್ರಿಕ್ ಮಾತ್ರೆ ತಿಂಗಳುಗಟ್ಟಲೆ. ಅಜ್ಜಿ ಓಮದ ಕಷಾಯ ಕೊಟ್ಟಿದ್ದರು. ಹೊಕ್ಕುಳ ಜಾರಿದೆ ಎಂದು ಎಣ್ಣೆ ಹಚ್ಚಿ ತಿಕ್ಕಿಸಿದ್ದೂ ಆಗಿತ್ತು. ಹೊಟ್ಟೆಯ ಸ್ಕ್ಯಾನ್ ಮೂರು ಬಾರಿ. ಎರಡನೆಯ ಸ್ಕ್ಯಾನಿನ ರಿಪೋರ್ಟಿನಲ್ಲಿ ಒಂದು ಸಾಲು: ಕರುಳನ್ನು ಹಿಡಿದಿಡುವ ಪದರದಲ್ಲಿ ಕೆಲವು ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್), ದೊಡ್ಡದು 6 ಮಿಲಿಮೀಟರ್. ಆ ಸಾಲು ಮನೆಗೆ ಬಂದಾಗ ‘ಹೊಟ್ಟೇಲಿ ಗಂಟುಗಳಿವೆಯಂತೆ’ ಎಂದಾಯಿತು. ಒಂದು ಕಡೆ, ಕ್ಷಯ ಇರಬಹುದು, ಆರು ತಿಂಗಳ ಮಾತ್ರೆ ಶುರು ಮಾಡಿಬಿಡೋಣ ಎಂಬ ಮಾತೂ ಬಂತು. ಹಸಿವು ಮಾಯವಾಗಿದ್ದ ಹುಡುಗಿಯ ತೂಕ ಜೂನ್‌ನಲ್ಲಿ 45 ಕಿಲೋ ಇದ್ದದ್ದು 41.4ಕ್ಕೆ ಇಳಿದಿತ್ತು. ಮಕ್ಕಳ ಜಠರ-ಕರುಳು ತಜ್ಞರು, ಆಹಾರ ತಜ್ಞೆ, ಮನೋಸಮಾಲೋಚಕಿ ಒಟ್ಟಿಗೆ ಇರುವ ವಿಭಾಗಕ್ಕೆ ಬಂದದ್ದು ಈ ಹಂತದಲ್ಲಿ.

ಎಷ್ಟು ಪರೀಕ್ಷೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು

ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್, ಎಲ್ಲ ಕಾಯಿಲೆಗಳನ್ನೂ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಎಂದು ತಿಳಿದವರೇ ಹೆಚ್ಚು. ಆದರೆ ಇಂಥ ತೊಂದರೆಗಳನ್ನು ಗುರುತಿಸಲು ತಜ್ಞರು ಒಪ್ಪಿಕೊಂಡ 2016ರ ರೋಮ್-4 ಮಾನದಂಡ ಲಕ್ಷಣಗಳನ್ನು ನೋಡಿಯೇ ಗುರುತಿಸುತ್ತದೆ: ಕನಿಷ್ಠ ಎರಡು ತಿಂಗಳಿಂದ, ತಿಂಗಳಿಗೆ ನಾಲ್ಕು ದಿನವಾದರೂ ಹೊಟ್ಟೆನೋವು, ಆ ನೋವಿಗೂ ಮಲ ವಿಸರ್ಜನೆಗೂ, ಅಥವಾ ಮಲದ ಸಂಖ್ಯೆ, ಹದದ ಬದಲಾವಣೆಗೂ ಸಂಬಂಧ, ತಕ್ಕಷ್ಟು ತಪಾಸಣೆ ಮಾಡಿದ ಮೇಲೂ ಬೇರೆ ಕಾಯಿಲೆಯಿಂದ ಪೂರ್ತಿ ವಿವರಿಸಲಾಗದಿರುವುದು. ಇವಳ ಲಕ್ಷಣಗಳು ಮೊದಲ ಭೇಟಿಯಲ್ಲೇ ಇದಕ್ಕೆ ಹೊಂದಿದವು. ಸೋಂಕು ವಾಸಿಯಾದ ಮೇಲೆ ಐಬಿಎಸ್ ಶುರುವಾಗುವುದೂ ಚೆನ್ನಾಗಿ ಗೊತ್ತಿರುವ ಸಂಗತಿ.

ಅಡ್ಡ ಬಂದದ್ದು ತೂಕ. ತೂಕ ಇಳಿಯುವುದು ಅಪಾಯದ ಸೂಚನೆಗಳಲ್ಲೊಂದು. ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣ ತಿಳಿಯದ ಜ್ವರ, ಕೀಲುನೋವು, ಬೆಳವಣಿಗೆ ಕುಂಠಿತವಾಗುವುದು, ಗುದದ್ವಾರದ ಬಳಿ ಹುಣ್ಣು, ಮನೆತನದಲ್ಲಿ ಕರುಳಿನ ಉರಿಯೂತದ ಕಾಯಿಲೆ: ಒಂದೊಂದನ್ನೂ ಕೇಳಲಾಯಿತು, ಯಾವುದೂ ಇರಲಿಲ್ಲ. ಹಾಗಾದರೆ 3.6 ಕಿಲೋ ಹೋದದ್ದೆಲ್ಲಿ? ಆಹಾರ ತಜ್ಞೆ ಮೂರು ದಿನ ತಿಂದದ್ದನ್ನೆಲ್ಲ ಬರೆಸಿ ಲೆಕ್ಕ ಹಾಕಿದಾಗ ದಿನಕ್ಕೆ ಸುಮಾರು 1,100 ಕಿಲೋಕ್ಯಾಲೊರಿ ಬಂತು. ಈ ವಯಸ್ಸಿನ ಹುಡುಗಿಗೆ ಐಸಿಎಂಆರ್-ಎನ್‌ಐಎನ್ (ದೇಶದ ಪೋಷಣಾ ಸಂಸ್ಥೆ) ಹೇಳುವುದು ಸುಮಾರು 2,500. ತೂಕ ಇಳಿಯಲು ಊಟ ಬಿಟ್ಟದ್ದೇ ಸಾಕಾದ ಕಾರಣ. ಆದರೂ ಅದನ್ನೇ ನಂಬಿ ಕೂರಲಿಲ್ಲ. ಒಂದೇ ಸುತ್ತಿನ ಪರೀಕ್ಷೆ ಬರೆದುಕೊಟ್ಟರು: ರಕ್ತಕಣ ಎಣಿಕೆ, ಉರಿಯೂತದ ಸುಳಿವು ಕೊಡುವ ಸಿಆರ್‌ಪಿ, ಥೈರಾಯ್ಡ್, ಗೋಧಿಯ ಅಂಶದಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆಗೆ ಟಿಟಿಜಿ-ಐಜಿಎ (ಜೊತೆಗೆ ಒಟ್ಟು ಐಜಿಎ; ಇದು ಕಡಿಮೆ ಇದ್ದವರಲ್ಲಿ ಮೊದಲನೆಯದು ಸುಳ್ಳು ನೆಗೆಟಿವ್ ಬರಬಹುದು), ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಗೆ ಮಲಪರೀಕ್ಷೆ, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್. ಕೊನೆಯದು ಕರುಳಿನ ಉರಿಯೂತ ತೋರಿಸುವ ಪರೀಕ್ಷೆ. ಗ್ರಾಮಿಗೆ 50 ಮೈಕ್ರೊಗ್ರಾಮಿಗಿಂತ ಕಡಿಮೆ ಇದ್ದರೆ ಸಹಜ. ಇವಳದು 38. ಉಳಿದವೂ ಸಹಜ.

ರಕ್ತ ತೆಗೆಯುವ ಮೊದಲೇ ವೈದ್ಯರು ಹುಡುಗಿಯ ಮುಖ ನೋಡಿ ಹೇಳಿದ ಮಾತನ್ನು ಇಲ್ಲಿ ದಾಖಲಿಸಬೇಕು: “ಇವೆಲ್ಲ ನಾರ್ಮಲ್ ಬರೋ ಸಾಧ್ಯತೆ ಹೆಚ್ಚು. ಬಂದ್ರೆ ನಿನ್ನ ನೋವು ಸುಳ್ಳು ಅಂತಲ್ಲಮ್ಮ. ಕರುಳಲ್ಲಿ ಗಾಯ ಇಲ್ಲ, ಕರುಳಿನ ನರಗಳು ಕೆರಳಿವೆ ಅಂತ.” ರಿಪೋರ್ಟ್ ಕೈಗೆ ಬಂದ ಮೇಲೆ ಇದನ್ನು ಹೇಳಿದ್ದರೆ ಸಮಾಧಾನದ ಮಾತಿನಂತೆ ಕೇಳಿಸುತ್ತಿತ್ತು. ಎಲ್ಲ ನಾರ್ಮಲ್ ಎಂಬ ಒಂದೇ ಮಾತು ಹೇಳಿ ಕಳಿಸಿದ್ದರಿಂದಲೇ ಈ ಮನೆಯವರು ಹಿಂದೆ ನಾಲ್ಕು ಕಡೆ ಅಲೆದದ್ದು.

ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಬೇಡವೆಂದಾಯಿತು. ಕ್ಷಯದ ಮಾತ್ರೆಯೂ ಬೇಡ: ಜ್ವರವಿಲ್ಲ, ಸಿಆರ್‌ಪಿ ಸಹಜ, ಕರುಳಿನ ಗೋಡೆ ದಪ್ಪವಾಗಿಲ್ಲ, 6 ಮಿಲಿಮೀಟರ್ ಗ್ರಂಥಿ ಆರೋಗ್ಯವಂತ ಮಕ್ಕಳಲ್ಲೂ ಕಾಣುತ್ತದೆ. ಇಳಿದ ತೂಕ ಊಟ ಹೆಚ್ಚಿಸಿದ ಮೇಲೂ ಐದು ವಾರದಲ್ಲಿ ಏರದಿದ್ದರೆ ಈ ತೀರ್ಮಾನವನ್ನು ಮತ್ತೆ ನೋಡುವುದೆಂದು ಕಡತದಲ್ಲಿ ಬರೆದಿಟ್ಟರು.

ನೋವನ್ನು ವಿವರಿಸಿದ ಬಗೆ

ಹಳ್ಳಿಯ ಮನೆಗೆ ಹೊಂದುವ ಹೋಲಿಕೆಯನ್ನು ಆರಿಸಿಕೊಂಡರು. ಮನೆ ಕಾಯುವ ನಾಯಿ ಇದೆ. ಒಂದು ರಾತ್ರಿ ಕಳ್ಳ ಬಂದ, ನಾಯಿ ಬೊಗಳಿತು, ಕಳ್ಳ ಓಡಿಹೋದ. ಅವತ್ತಿನಿಂದ ಅದು ಹಾಲಿನವನಿಗೂ ಬೊಗಳುತ್ತದೆ, ಎಲೆ ಉದುರಿದರೂ ಬೊಗಳುತ್ತದೆ. ಮದುವೆಮನೆಯ ಸೋಂಕು ಆ ಕಳ್ಳ. ಈಗ ಅನ್ನ ಇಳಿಯುವುದು, ಗಾಳಿ ಸರಿಯುವುದು, ಮಲ ತುಂಬುವುದು ಇವೆಲ್ಲಕ್ಕೂ ನರಗಳು ನೋವಿನ ಸುದ್ದಿಯನ್ನೇ ಮೆದುಳಿಗೆ ಮುಟ್ಟಿಸುತ್ತಿವೆ. ಬೊಗಳುವ ಸದ್ದು ನಿಜ, ನಿದ್ದೆಗೆಡುವುದೂ ನಿಜ. ಕಳ್ಳನನ್ನು ಹುಡುಕುತ್ತ ಕೂತರೆ ಸಿಗುವುದಿಲ್ಲ, ನಾಯಿಯನ್ನು ಪಳಗಿಸಬೇಕು. ಭಯ, ನಿದ್ದೆಗೇಡು, ಮುಟ್ಟಿನ ದಿನಗಳು ಆ ಬೊಗಳಿಕೆಯನ್ನು ಜೋರು ಮಾಡುತ್ತವೆ. ಅಜ್ಜಿಗೆ ಇದು ಕೂಡಲೇ ಅರ್ಥವಾಯಿತು.

ಮೊದಲ ಎಡವಟ್ಟು: ಊಟದ ಪಟ್ಟಿ

ಅಮ್ಮ ಮೊಬೈಲಿನಲ್ಲಿ ‘ಲೋ ಫಾಡ್‌ಮ್ಯಾಪ್’ (ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುವ ಸಕ್ಕರೆ ಅಂಶಗಳು ಕಡಿಮೆ ಇರುವ ಪಥ್ಯ) ಪಟ್ಟಿ ನೋಡಿ ಹಾಲು, ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಬೇಳೆ, ಕಾಳು, ಮಾವು, ಸೇಬು ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದ್ದರು. ಉಳಿದದ್ದು ಗಂಜಿ, ಮಜ್ಜಿಗೆ, ಬಾಳೆಹಣ್ಣು. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆ ಕ್ರಮದಲ್ಲಿ ಮೂರು ಹಂತಗಳಿವೆ: ಎರಡರಿಂದ ಆರು ವಾರ ಬಿಡುವುದು, ಆಮೇಲೆ ಒಂದೊಂದಾಗಿ ವಾಪಸು ತಂದು ನೋಡುವುದು, ಕೊನೆಗೆ ತನಗೆ ಆಗದ್ದನ್ನು ಮಾತ್ರ ಮಿತಿಗೊಳಿಸುವುದು. ಮೊಬೈಲಿನ ಪಟ್ಟಿಯಲ್ಲಿ ಮೊದಲ ಹಂತ ಮಾತ್ರ ಇರುತ್ತದೆ. ಬೆಳೆಯುವ ವಯಸ್ಸಿನ, ಅದರಲ್ಲೂ ತೂಕ ಇಳಿದಿರುವ ಮಗುವಿಗೆ ಪೂರ್ತಿ ಪಥ್ಯ ಹಾಕಬಾರದು. ಊಟದ ಭಯವೇ ಎರಡನೇ ಕಾಯಿಲೆಯಾಗಿ ಬೇರೂರುತ್ತದೆ.

ಹಾಗಾಗಿ ಪಥ್ಯವನ್ನು ತಿರುಗಿಸಲಾಯಿತು. ಮೊದಲ ವಾರವೇ ಇಡ್ಲಿ, ದೋಸೆ, ಹೆಸರುಬೇಳೆಯ ತೊವ್ವೆ, ಮೊಟ್ಟೆ, ಚಪಾತಿ ವಾಪಸು. ಪರೀಕ್ಷಿಸಿ ನೋಡಿದ್ದು ಎರಡನ್ನೇ.

ಒಂದು ಹಾಲು. ಎರಡು ವಾರ ಬಿಟ್ಟು (ಮೊಸರು, ಮಜ್ಜಿಗೆ ಇದ್ದವು), ಮೊದಲ ದಿನ 100 ಮಿಲಿಲೀಟರ್, ಮರುದಿನ 200, ಮೂರನೇ ದಿನ 300 ಕೊಟ್ಟು ನೋಡಿದರು. 200ರವರೆಗೆ ತೊಂದರೆ ಇಲ್ಲ, 300ಕ್ಕೆ ಉಬ್ಬರ, ಭೇದಿ. ದಕ್ಷಿಣ ಭಾರತದವರಲ್ಲಿ ಈ ವಯಸ್ಸಿಗೆ ಹಾಲಿನ ಸಕ್ಕರೆ ಅರಗುವುದು ಕಡಿಮೆಯಾಗುವುದು ಸಾಮಾನ್ಯ. ಊಟದ ಜೊತೆ ಒಂದು ಲೋಟ, ಅಲ್ಲಿಗೆ ಮುಗಿಯಿತು.

ಎರಡನೆಯದು ಈರುಳ್ಳಿ, ಬೆಳ್ಳುಳ್ಳಿ ಮತ್ತು ಕಾಳು. ಹಸಿ ಈರುಳ್ಳಿಯ ಕೋಸಂಬರಿ ಮತ್ತು ರುಬ್ಬಿದ ಈರುಳ್ಳಿಯ ಗೊಜ್ಜಿಗೆ ಹೊಟ್ಟೆ ಉಬ್ಬುತ್ತಿತ್ತು. ಸಾರಿನಲ್ಲಿ ಬೆಂದ ಈರುಳ್ಳಿಯ ನಾಲ್ಕು ಎಸಳಿಗೆ ಏನೂ ಆಗುತ್ತಿರಲಿಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಎಸಳು ತೆಗೆದು, ಆ ಎಣ್ಣೆಯಲ್ಲೇ ಒಗ್ಗರಣೆ ಹಾಕುವುದನ್ನು ಅಮ್ಮ ಕಲಿತರು. ಗ್ಯಾಸ್ ಮಾಡುವ ಫ್ರಕ್ಟಾನ್ ಎಂಬ ಸಕ್ಕರೆ ಅಂಶ ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆಗೆ ಇಳಿಯುವುದು ಘಮ ಮಾತ್ರ. ಎಸಳು ನೀರಿರುವ ಸಾರಿಗೆ ಬಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದು. ಅವರೆಕಾಳಿನ ಕಾಲ ಬಂದಾಗ ಮನೆಯವರೆಲ್ಲ ತಿನ್ನುವುದನ್ನು ಇವಳು ದೂರದಿಂದ ನೋಡಬೇಕಾಗಲಿಲ್ಲ. ಹಿತಕಿದ ಅವರೆಯ ಸಾರು ಅರ್ಧ ಸೌಟು, ಎರಡು ದಿನಕ್ಕೊಮ್ಮೆ.

ನಾರಿನಲ್ಲೂ ತಪ್ಪಾಗಿತ್ತು. ಗೋಧಿ ನಿಲ್ಲಿಸುವ ಮೊದಲು ಮಲಬದ್ಧತೆಗೆಂದು ಗೋಧಿ ತೌಡಿನ ಬಿಸ್ಕತ್ತು ಕೊಡುತ್ತಿದ್ದರು. ಅದು ಕರಗದ ನಾರು, ಉಬ್ಬರ ಹೆಚ್ಚಿಸುತ್ತದೆ. ಬದಲಿಗೆ ಇಸಬ್‌ಗೋಲ್. ಚಮಚದ ಅಳತೆ ಮನೆಯಿಂದ ಮನೆಗೆ ಬೇರೆಯಾದ್ದರಿಂದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದರು: ರಾತ್ರಿ 3 ಗ್ರಾಂ, ವಾರ ಕಳೆದು 6, ಮೂರನೇ ವಾರದಿಂದ 9. ಪ್ರತಿ ಸಲ ದೊಡ್ಡ ಲೋಟ ನೀರಿನಲ್ಲಿ ಕಲಸಿದ ಕೂಡಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕೂರುತ್ತದೆ. ಮೊದಲ ನಾಲ್ಕೈದು ದಿನ ಗ್ಯಾಸ್ ಹೆಚ್ಚುವುದನ್ನು ಮುಂಚೆಯೇ ಹೇಳದಿದ್ದರೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಮಕ್ಕಳಲ್ಲಿ ಇಸಬ್‌ಗೋಲ್ ನೋವು ಬರುವ ಸಲಗಳ ಸಂಖ್ಯೆ ತಗ್ಗಿಸುತ್ತದೆ ಎಂದು ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಅಲ್ಲಿ ದೊಡ್ಡ ಮಕ್ಕಳಿಗೆ ಕೊಟ್ಟದ್ದು ದಿನಕ್ಕೆ 12 ಗ್ರಾಂ. ಇವಳಿಗೆ 9ಕ್ಕೆ ಹದ ಸಿಕ್ಕಿತು, ಅಲ್ಲಿಗೇ ನಿಲ್ಲಿಸಿದರು.

ಔಷಧಿ

ದಿನಾ ನುಂಗುತ್ತಿದ್ದ ನುಲಿತದ ಮಾತ್ರೆಯನ್ನು ನಿಲ್ಲಿಸಿದರು; ಮಲ ಕಟ್ಟುವುದಕ್ಕೆ ಅದೂ ಕಾರಣವಾಗಿತ್ತು. ಕರುಳಿನಲ್ಲಿ ಕರಗುವ ಹೊರಪದರದ ಪುದೀನಾ ಎಣ್ಣೆಯ ಕ್ಯಾಪ್ಸೂಲ್ (0.2 ಮಿಲಿಲೀಟರ್) ಊಟಕ್ಕೆ ಅರ್ಧ ಗಂಟೆ ಮೊದಲು ದಿನಕ್ಕೆ ಮೂರು, ಎರಡು ವಾರ. ನುಂಗಲಾಗದೆ ಮೊದಲೆರಡು ದಿನ ಕಚ್ಚಿ ಒಡೆದಿದ್ದಳು. ಎದೆಯುರಿ ಬಂತು. ಪೂರ್ತಿಯಾಗಿ ನುಂಗಿದ ಮೇಲೆ ಹೋಯಿತು. ಪರೀಕ್ಷೆಯ ದಿನ ತೊಂದರೆಯಾಗದಿರಲೆಂದು ಅಪ್ಪ ಒಮ್ಮೆ ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆ ತಂದುಕೊಟ್ಟರು. ಮೂರು ದಿನ ಮಲ ಕಟ್ಟಿ, ನಾಲ್ಕನೇ ದಿನ ಆ ತನಕ ಕಾಣದಷ್ಟು ನೋವು. ನರಗಳ ನೋವಿಗೂ ಬಳಸುವ ಖಿನ್ನತೆಯ ಮಾತ್ರೆ ಅಮಿಟ್ರಿಪ್ಟಿಲಿನ್ ಕೊಡುವ ಮಾತು ಬಂದು ಕೈಬಿಟ್ಟರು. ಮಕ್ಕಳಲ್ಲಿ ನಡೆದ 2009ರ ಪ್ರಯೋಗದಲ್ಲಿ ಅದಕ್ಕೂ ಹುಸಿಮಾತ್ರೆಗೂ ಗಮನಾರ್ಹ ಅಂತರ ಕಂಡಿರಲಿಲ್ಲ.

ಎರಡನೇ ಎಡವಟ್ಟು: ಗಮನ ಕೊಡಬೇಡಿ ಎಂದದ್ದು

ಇದು ತಂಡದ ತಪ್ಪು. ಅಮ್ಮ ದಿನಕ್ಕೆ ಹತ್ತಾರು ಸಲ ‘ಈಗ ಹೇಗಿದೆ ಪುಟ್ಟಿ?’ ಎಂದು ಕೇಳುತ್ತಿದ್ದರು. 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಹೊಟ್ಟೆ ಬಿಗಿಯುವಷ್ಟು ನೀರು ಕುಡಿದ ಮಕ್ಕಳ ಲಕ್ಷಣಗಳಿಗೇ ತಂದೆತಾಯಿ ಗಮನ ಕೊಟ್ಟಾಗ ಮಕ್ಕಳ ದೂರು ಸುಮಾರು ದುಪ್ಪಟ್ಟಾಯಿತು. ಬೇರೆ ಮಾತಿಗೆ ಎಳೆದಾಗ ಅರ್ಧಕ್ಕಿಳಿಯಿತು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಕೇಳುವುದನ್ನು ನಿಲ್ಲಿಸಿ ಎಂದು ಅಮ್ಮನಿಗೆ ಹೇಳಲಾಯಿತು. ಹುಡುಗಿಯ ಎದುರು ಹೇಳಲಿಲ್ಲ. ಅಮ್ಮ ಒಮ್ಮೆಲೇ ಸುಮ್ಮನಾದರು. ‘ನಾನು ನಾಟಕ ಆಡ್ತಿದೀನಿ ಅಂತ ನೀನೂ ನಂಬಿದ್ಯಲ್ಲಮ್ಮ’ ಎಂದು ಹುಡುಗಿ ಕೋಣೆ ಸೇರಿ ನಾಲ್ಕು ದಿನ ಹಾಸಿಗೆ ಬಿಡಲಿಲ್ಲ.

ತಿದ್ದುಪಡಿ ಇಬ್ಬರನ್ನೂ ಕೂರಿಸಿ ಆಯಿತು. ನೋವು ಬಂದಾಗ ಅಮ್ಮ ಒಂದು ಸಲ ಒಪ್ಪಿಕೊಳ್ಳುವುದು, ಆಮೇಲೆ ಮಾಡಬೇಕಾದ್ದನ್ನು ಹೇಳುವುದು: “ಗೊತ್ತಾಯ್ತು ಪುಟ್ಟಿ, ನುಲೀತಿದೆ. ಬಿಸಿನೀರಿನ ಚೀಲ ಇಟ್ಕೊ, ಉಸಿರಾಟ ಮಾಡ್ಕೊ, ಹದಿನೈದು ನಿಮಿಷಕ್ಕೆ ಬರ್ತೀನಿ, ಆಮೇಲೆ ಹೂ ಕಟ್ಟೋಣ.” ನೋವಿನ ವಿಚಾರ ಬಿಡಿಸಿ ಮಾತಾಡಲು ರಾತ್ರಿ ಎಂಟಕ್ಕೆ ಹತ್ತು ನಿಮಿಷ. ಮನೆಯಲ್ಲಿ ಉಳಿದ ದಿನ ಟಿವಿ, ಮೊಬೈಲ್ ಇಲ್ಲ, ಕಾಲೇಜಿನ ವೇಳಾಪಟ್ಟಿಯಂತೆ ಪುಸ್ತಕ; ಇದು ಶಿಕ್ಷೆಯಲ್ಲವೆಂದು ಮೊದಲೇ ಮಾತಾಗಿತ್ತು. ಉಸಿರಾಟ ಹೀಗೆ: ಕೈ ಹೊಕ್ಕುಳ ಮೇಲಿಟ್ಟು ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ನಿಮಿಷ, ದಿನಕ್ಕೆರಡು ಸಲ. ನೋವಿಲ್ಲದಾಗ ರೂಢಿ ಮಾಡಿಕೊಳ್ಳದಿದ್ದರೆ ನೋವಿನಲ್ಲಿ ಒದಗುವುದಿಲ್ಲ.

ತಿರುವು

ಸಮಾಲೋಚನೆಯ ಮೂರನೇ ಭೇಟಿ. ಹುಡುಗಿ ಒಬ್ಬಳೇ ಇದ್ದಳು. ಬದುಕುವುದೇ ಬೇಡ ಅನ್ನಿಸಿದೆಯಾ ಎಂಬ ಪ್ರಶ್ನೆಯನ್ನು ದೀರ್ಘಕಾಲದ ನೋವಿರುವ ಎಲ್ಲ ಹದಿಹರೆಯದವರಿಗೂ ನೇರವಾಗಿ ಕೇಳಬೇಕು, ಕೇಳಿದರು. ಹಾಗಿಲ್ಲ ಎಂದಳು. ಅದರ ಮುಂದಿನ ಪ್ರಶ್ನೆ: “ನೋವು ಬಂದಾಗ ಇದು ಏನು ಅಂತ ಮನಸ್ಸಿಗೆ ಬರುತ್ತೆ?” ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ಹೋಗಿದ್ದರು. ‘ಅಜ್ಜನಿಗೂ ಮೊದಲು ಗಂಟು ಅಂತಲೇ ಅಂದಿದ್ರು.’

ಐದು ತಿಂಗಳು, ನಾಲ್ವರು ವೈದ್ಯರು, ಮೂರು ಸ್ಕ್ಯಾನು. ನಿನಗೇನು ಭಯ ಎಂದು ಕೇಳಿದವರು ಯಾರೂ ಇರಲಿಲ್ಲ. ಮೊದಲ ಭೇಟಿಯಲ್ಲಿ ಈ ವಿಭಾಗವೂ ಕೇಳಿರಲಿಲ್ಲ. ಗ್ರಂಥಿಗಳಿಂದ ತೊಂದರೆಯಿಲ್ಲ ಎಂದು ವೈದ್ಯರು ಅಪ್ಪನಿಗೆ ಹೇಳಿದ್ದರು, ಅವಳಿಗಲ್ಲ. ಮರುವಾರ ವೈದ್ಯರು ರಿಪೋರ್ಟನ್ನು ಅವಳ ಮುಂದೆಯೇ ಹರಡಿ, ಸಾಲು ಸಾಲಾಗಿ ಓದಿ, ಗಂಟಲು ನೋವಾದಾಗ ಕತ್ತಿನಲ್ಲಿ ಕೈಗೆ ಸಿಗುವ ಗ್ರಂಥಿಗಳಂಥವೇ ಇವು ಎಂದು ಅವಳ ಕೈಯಿಂದಲೇ ಅವಳ ಕತ್ತನ್ನು ಮುಟ್ಟಿಸಿ ತೋರಿಸಿದರು. 6 ಮಿಲಿಮೀಟರ್ ಎಂದರೆ ಎಷ್ಟೆಂದು ಸ್ಕೇಲಿನಲ್ಲಿ ಗೆರೆ ಎಳೆಸಿದರು. ಅವಳ ಮನಸ್ಸಿನಲ್ಲಿ ಅದು ನಿಂಬೆಹಣ್ಣಿನಷ್ಟಿತ್ತು. ನೋವು ಅಂದಿಗೇ ಇಳಿಯಲಿಲ್ಲ. ಕಾಲೇಜಿನ ವಿಚಾರ ಮಾತಾಡಲು ಅವಳು ಒಪ್ಪಿದ್ದು ಮಾತ್ರ ಅಂದೇ.

ಕಾಲೇಜಿಗೆ ಮರಳಿದ್ದು

ಸೋಮವಾರದಿಂದ ಪೂರ್ತಿ ದಿನ ಎಂದು ಅಪ್ಪ ಹಟ ಹಿಡಿದು ಒಮ್ಮೆ ಕಳಿಸಿದ್ದರು. ಎರಡನೇ ದಿನ ಬಸ್ಸಿನಲ್ಲಿ ನುಲಿತ ಬಂದು, ಬೆವತು, ನಡುದಾರಿಯಲ್ಲಿ ಇಳಿದು ಅತ್ತುಕೊಂಡು ಫೋನ್ ಮಾಡಿದ್ದಳು. ಈ ಸಲ ಮೆಟ್ಟಿಲು ಕಟ್ಟಿದರು. ಮೊದಲ ವಾರ ಹತ್ತೂವರೆಯಿಂದ ಒಂದರವರೆಗೆ, ಅಪ್ಪನ ಬೈಕಿನಲ್ಲಿ. ಎರಡನೇ ವಾರ ಊಟದ ಬಿಡುವೂ ಸೇರಿ ಮೂರರವರೆಗೆ. ಮೂರನೇ ವಾರ ಬಸ್ಸು, ಅಮ್ಮ ಜೊತೆಗೆ. ನಾಲ್ಕನೇ ವಾರ ಗೆಳತಿಯ ಜೊತೆ ಪೂರ್ತಿ ದಿನ. ಮುಂದಿನ ಮೆಟ್ಟಿಲು ಕ್ಯಾಲೆಂಡರ್ ಪ್ರಕಾರ; ‘ನೋವು ಕಡಿಮೆಯಾದ ಮೇಲೆ’ ಎಂಬ ಷರತ್ತು ಇಲ್ಲ. ತೀರಾ ಕೆಟ್ಟ ದಿನ ಅರ್ಧ ದಿನ ಹೋಗಬಹುದು, ಪೂರ್ತಿ ತಪ್ಪಿಸುವಂತಿಲ್ಲ.

ಬೆಳಗಿನ ಹೊತ್ತನ್ನೂ ಬದಲಿಸಿದರು. ಆರೂಕಾಲಿಗೆ ಎದ್ದು ಗಡಿಬಿಡಿಯಲ್ಲಿ ಓಡುತ್ತಿದ್ದವಳು ಐದೂವರೆಗೆ ಎದ್ದು, ಬಿಸಿನೀರು ಕುಡಿದು, ಆರಕ್ಕೆ ತಿಂಡಿ. ಹೊಟ್ಟೆಗೆ ಏನಾದರೂ ಬಿದ್ದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೆ ಹತ್ತು ನಿಮಿಷ ಟಾಯ್ಲೆಟ್ಟು, ಮುಕ್ಕಿರಿಯದೆ. ತಿಂಡಿ ಬಿಟ್ಟು ಹೋದರೆ ನುಲಿತ ಬಾರದು ಎಂದು ಅವಳು ನಂಬಿದ್ದಳು. ಆಗುತ್ತಿದ್ದದ್ದು ತಿರುಗುಮುರುಗು: ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಏನೋ ತಿಂದಾಗ ಕರುಳು ತರಗತಿಯ ನಡುವೆ ಚುರುಕಾಗುತ್ತಿತ್ತು.

ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಹೋಯಿತು. ಕೇಳಿದ್ದು ಮೂರು: ಬಾಗಿಲ ಬಳಿಯ ಬೆಂಚು, ಕೇಳದೆ ಹೊರಹೋಗಲು ಮೇಜಿನ ಮೇಲಿಡುವ ಒಂದು ಕಾರ್ಡು, ಉಪನ್ಯಾಸಕಿಯರ ಟಾಯ್ಲೆಟ್ಟಿನ ಕೀಲಿ. ಹುಡುಗಿಯರ ಟಾಯ್ಲೆಟ್ಟಿಗೆ ಚಿಲಕವಿರಲಿಲ್ಲ, ಮಧ್ಯಾಹ್ನದ ಮೇಲೆ ನೀರಿರುತ್ತಿರಲಿಲ್ಲ. ಅವಳು ಬೆಳಗ್ಗೆಯಿಂದ ಸಂಜೆವರೆಗೆ ತಡೆದುಕೊಂಡೇ ಇರುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬ್ಯಾಗಿನಲ್ಲಿ ಒಂದು ಜೊತೆ ಒಳಉಡುಪು, ಪ್ಯಾಡು, ಒದ್ದೆ ಟಿಶ್ಯೂ, ಒಂದು ಕವರು.

ಫಲ

ಡೈರಿ ಬರೆಸಿದ್ದು ಎರಡೇ ಸುತ್ತು, ತಲಾ ನಾಲ್ಕು ವಾರ. ವರ್ಷವಿಡೀ ಬರೆಸಿದರೆ ಗಮನವೆಲ್ಲ ಹೊಟ್ಟೆಯ ಮೇಲೇ ನಿಲ್ಲುತ್ತದೆ. ಮೊದಲ ಸುತ್ತಿನ 28 ದಿನಗಳಲ್ಲಿ ನೋವಿದ್ದದ್ದು 17 ದಿನ. ಆರನೇ ವಾರ, ಅವಳು ವಾರಕ್ಕೆ ನಾಲ್ಕು ದಿನ ಕಾಲೇಜಿಗೆ ಹೋಗುತ್ತಿದ್ದಾಗಲೂ, ನೋವು ಹೆಚ್ಚುಕಡಿಮೆ ಅಷ್ಟೇ ಇದೆ ಎಂದಳು. ಅಪ್ಪ ನಿರಾಶರಾದರು. ದಿನಚರಿ ಮೊದಲು ಸರಿಹೋಗುತ್ತದೆ, ನೋವು ಅದರ ಹಿಂದೆ ನಿಧಾನವಾಗಿ ಇಳಿಯುತ್ತದೆ. ಈ ಕ್ರಮವನ್ನು ಮೊದಲ ದಿನವೇ ಬರೆದು ಕೊಟ್ಟಿದ್ದರಿಂದ ಯಾರೂ ಬಿಟ್ಟುಹೋಗಲಿಲ್ಲ. ನಾಲ್ಕನೇ ತಿಂಗಳ ಸುತ್ತಿನಲ್ಲಿ ನೋವಿನ ದಿನ 7. ತೂಕ ಐದು ವಾರಕ್ಕೆ 43.2, ನಾಲ್ಕು ತಿಂಗಳಿಗೆ 45. ಹಾಜರಾತಿ ಶೇಕಡ 76ಕ್ಕೆ ಮುಟ್ಟಿ ಪರೀಕ್ಷೆ ಬರೆದಳು.

ಪರೀಕ್ಷೆಗೆ ಹತ್ತು ದಿನ ಮೊದಲು, ಮುಟ್ಟಿನ ಹೊತ್ತಿಗೆ, ಮತ್ತೆ ಜೋರಾಯಿತು. ಇನ್ನೊಂದು ಸ್ಕ್ಯಾನ್ ಮಾಡಿಸೋಣ ಎಂದರು ಅಪ್ಪ. ಬೇಡ ಎಂದವಳು ಹುಡುಗಿ. ಬೀರುವಿನ ಬಾಗಿಲಿಗೆ ಅಂಟಿಸಿದ ಹಾಳೆಯನ್ನು ತೋರಿಸಿದಳು: ಮಲದಲ್ಲಿ ರಕ್ತ, ನಿದ್ದೆಯಿಂದೆಬ್ಬಿಸುವ ಭೇದಿ, ಜ್ವರ, ಎರಡು ಕಿಲೋ ತೂಕ ಇಳಿಕೆ, ನಿಲ್ಲದ ವಾಂತಿ. ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆ, ಇಲ್ಲದಿದ್ದರೆ ಬಿಸಿನೀರಿನ ಚೀಲ, ಉಸಿರಾಟ, ಎರಡು ವಾರದ ಪುದೀನಾ ಕ್ಯಾಪ್ಸೂಲು. ಒಂಬತ್ತು ದಿನಕ್ಕೆ ತಗ್ಗಿತು.

ಇದೇ ಹಾದಿ ಹಿಡಿಯುವವರು ಕ್ರಮದಲ್ಲಿ ಒಂದನ್ನು ಬದಲಿಸಿಕೊಳ್ಳಬೇಕು: ಭಯದ ಪ್ರಶ್ನೆಯನ್ನೂ ಟಾಯ್ಲೆಟ್ಟಿನ ಪ್ರಶ್ನೆಯನ್ನೂ ಮೊದಲ ಭೇಟಿಗೇ ತರುವುದು, ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಕೇಳುವುದು. ಇಲ್ಲಿ ಅವೆರಡೂ ಕೆಲವು ವಾರ ತಡವಾದವು, ಆ ವಾರಗಳಲ್ಲಿ ಅವಳು ಕಳೆದುಕೊಂಡ ತರಗತಿಗಳು ಕಡಿಮೆಯೇನಲ್ಲ.

ಒಂಬತ್ತನೇ ತಿಂಗಳಲ್ಲಿ ದ್ವಿತೀಯ ಪಿಯು. ತಿಂಗಳಿಗೆ ನಾಲ್ಕೈದು ದಿನ ನೋವು ಇದ್ದೇ ಇದೆ. ಇಸಬ್‌ಗೋಲ್ 6 ಗ್ರಾಮಿಗೆ ಇಳಿದಿದೆ. ಬಾಗಿಲ ಬಳಿಯ ಬೆಂಚು ಬಿಟ್ಟು ಗೆಳತಿಯ ಪಕ್ಕ ಮೂರನೇ ಸಾಲಿಗೆ ಹೋಗಿದ್ದಾಳೆ, ಕಾರ್ಡು ಪೆನ್ಸಿಲ್ ಡಬ್ಬಿಯಲ್ಲಿದೆ. ಹುಡುಗಿಯರ ಟಾಯ್ಲೆಟ್ಟಿಗೆ ಕಾಲೇಜಿನವರು ಚಿಲಕ ಹಾಕಿಸಿದ್ದಾರೆ. ಮಧ್ಯಾಹ್ನದ ನೀರಿಗೆ ಇನ್ನೂ ಕೇಳುತ್ತಿದ್ದಾರೆ.